ಮೊದಲು ಕೇಳಿ, ಆಮೇಲೆ ತೋರಿಸಿ

(ವೈದ್ಯಕೀಯ ಸಹಾಯ ನಿಧಿಯ ಸಭೆಯಲ್ಲಿ ಸದಸ್ಯರೊಬ್ಬರು ಆಡಿದ ಮಾತುಗಳು)

ನಾನು ಡಾಕ್ಟರಲ್ಲ. ಮೂವತ್ತು ವರ್ಷ ಡೊಂಬಿವಲಿಯಿಂದ ವಿ.ಟಿ.ಗೆ ಲೋಕಲ್‌ನಲ್ಲಿ ಓಡಾಡಿ ನಿವೃತ್ತನಾದವನು. ಸ್ಟೇಷನ್ ಸೇತುವೆ ಹತ್ತಿ ಇಳಿಯುವುದೇ ಆಗ ನನ್ನ ವ್ಯಾಯಾಮ. ಅದು ನಿಂತ ಎರಡು ವರ್ಷಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು "ವ್ಯಾಯಾಮ ಮಾಡಿ" ಎಂದರು. ಯೂಟ್ಯೂಬ್ ನೋಡಿ, ಇಪ್ಪತ್ತೈದರ ಹುಡುಗ ಕುಣಿದಂತೆ ನಾನೂ ಕುಣಿದೆ. ಮೂರನೇ ದಿನ ಮೊಣಕಾಲು ಊದಿಕೊಂಡು ಮಂಚ ಹಿಡಿದೆ.

ನೆರೂಳ್‌ನಲ್ಲಿರುವ ಮಗಳು ಫೋನ್ ಮಾಡಿ ಒಂದೊಂದೇ ಕೇಳಿದಳು. ಯಾವ ಕಾಲು ನೋವು? ಎಷ್ಟು ಹೊತ್ತು ನಿಲ್ಲಬಲ್ಲಿರಿ? ಬೆಳಿಗ್ಗೆ ಬಿಡುವೋ, ಸಂಜೆಯೋ? ಪರಿಚಯದ ಫಿಸಿಯೋಥೆರಪಿಸ್ಟ್ ಸಲಹೆ ಪಡೆದು ನಾಲ್ಕು ನಿಮಿಷದ ವಿಡಿಯೋ ಕಳಿಸಿದಳು: "ಅಪ್ಪಾ, ಈ ವಾರ ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೆ ಸಾಕು. ಸಂಜೆ ಬಿಲ್ಡಿಂಗ್ ಸುತ್ತ ಎರಡು ಸುತ್ತು." ಮುಂದಿನ ಭಾನುವಾರ, "ಎಷ್ಟು ದಿನ ಮಾಡಿದಿರಿ?" ಎಂದು ಕೇಳಿ, ಉತ್ತರಕ್ಕೆ ತಕ್ಕಂತೆ ಎರಡನೇ ವಿಡಿಯೋ. ಆ ಪ್ರಶ್ನೆಗೆ ಹೆದರಿಯೇ ನಾನು ನಡೆದೆ ಎನ್ನಿ!

ಇದು ನಮ್ಮ ಮನೆಯ ಹೊಸ ಶೋಧವೇನಲ್ಲ. ಆಸ್ಟ್ರೇಲಿಯಾದ ಸೆಂಟ್ರಲ್ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥದ್ದನ್ನೇ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದಾರೆ. ವ್ಯಕ್ತಿ ಮೊದಲು ಪ್ರಶ್ನೆಗಳಿಗೆ ಉತ್ತರಿಸುತ್ತಾನೆ. ಆ ಉತ್ತರಗಳಿಗೆ ಹೊಂದುವ ವಿಡಿಯೋ ತುಣುಕುಗಳನ್ನು ಕಂಪ್ಯೂಟರ್ ಆರಿಸಿ, ಅಂತರ್ಜಾಲದಲ್ಲಿ ಅವನಿಗೆ ತೋರಿಸುತ್ತದೆ.

ನಮಗೆ ಇದರ ಅಗತ್ಯ ಎಷ್ಟಿದೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. 65 ದಾಟಿದವರು ಬೀಳದಂತೆ ಸಮತೋಲನದ ಅಭ್ಯಾಸವನ್ನೂ ವಾರಕ್ಕೆ 3 ದಿನ ಮಾಡಬೇಕು. 2022ರ ಅಂದಾಜಿನಂತೆ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇಷ್ಟು ಚಟುವಟಿಕೆ ಇಲ್ಲ. ಮಹಿಳೆಯರಲ್ಲಿ ಈ ಪ್ರಮಾಣ ಶೇ. 57. ಮನೆಯವರಿಗೆಲ್ಲ ಡಬ್ಬಿ ಕಟ್ಟಿಕೊಡುವ ತಾಯಂದಿರಿಗೆ ತಮಗೆಂದು ಅರ್ಧ ಗಂಟೆ ಸಿಗುವುದಿಲ್ಲ.

ನಮ್ಮ ನಿಧಿಗೆ ಬರುವ ಅರ್ಜಿಗಳನ್ನು ನೀವೆಲ್ಲ ಬಲ್ಲಿರಿ: ಡಯಾಲಿಸಿಸ್, ಆಂಜಿಯೋಪ್ಲಾಸ್ಟಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿ ತಪ್ಪಿದರೆ ಮೂತ್ರಪಿಂಡಕ್ಕೂ ಹೃದಯಕ್ಕೂ ಪೆಟ್ಟು. ಎಲ್ಲ ಕಾಯಿಲೆಯನ್ನೂ ನಡಿಗೆ ತಡೆಯದು. ಕಾಯಿಲೆ ಬಿದ್ದವರ ತಪ್ಪೂ ಅದಲ್ಲ. ಆದರೆ ತಡೆಯಬಹುದಾದಷ್ಟನ್ನು ತಡೆದರೆ, ನಿಧಿಯ ಹಣ ಬೇರೆ ದಾರಿಯೇ ಇಲ್ಲದವರಿಗೆ ತಲುಪುತ್ತದೆ.

ಆದ್ದರಿಂದ ನನ್ನದೊಂದು ವಿನಂತಿ. ನಮ್ಮ ಯುವಕ ಯುವತಿಯರು ತಲಾ ಒಬ್ಬ ಹಿರಿಯರನ್ನು ವಹಿಸಿಕೊಳ್ಳಲಿ. ಸದಸ್ಯರಲ್ಲಿರುವ ವೈದ್ಯರು, ಫಿಸಿಯೋಥೆರಪಿಸ್ಟರು ಮಾರ್ಗದರ್ಶನ ಮಾಡಲಿ. ಕನ್ನಡದಲ್ಲಿ, ಹೆಸರು ಹಿಡಿದು, ಅವರ ಊರಿನ ದಾರಿಯನ್ನೇ ತೋರಿಸಿ ವಿಡಿಯೋ ಮಾಡಲಿ: ಠಾಣೆಯವರಿಗೆ ತಲಾವ್‌ಪಾಳಿ, ಕಲ್ಯಾಣದವರಿಗೆ ಕಾಳಾ ತಲಾವ್. ವಾರಕ್ಕೊಮ್ಮೆ ತಪ್ಪದೆ ವಿಚಾರಿಸಲಿ. ಎದೆನೋವು, ಉಬ್ಬಸ, ತಲೆಸುತ್ತು ಇರುವವರು ಮೊದಲು ಡಾಕ್ಟರನ್ನು ಕಾಣಬೇಕು.

ದಾನಿಗಳೇ, ಚಿಕಿತ್ಸೆಗೆ ಕಾದಿರುವವರಿಗಾಗಿ ನಿಮ್ಮ ಕೈಲಾದಷ್ಟು ಕೊಡಿ. ಮನೆಗೆ ಹೋಗುವಾಗ ರಿಕ್ಷಾವನ್ನು ಒಂದು ಸ್ಟಾಪ್ ಮೊದಲೇ ಬಿಟ್ಟು ನಡೆಯಿರಿ. ಮುಂದಿನ ಸಭೆಯಲ್ಲಿ ನಾನು ಕೇಳುತ್ತೇನೆ: "ಎಷ್ಟು ದಿನ ನಡೆದಿರಿ?"