ಕೂರದ ಮಗುವಿನ ಕಸುವು



 ನಾನೀಗ ಕೊಡುತ್ತಿರುವಂಥ ದತ್ತಿ ಉಪನ್ಯಾಸಕ್ಕೂ ಇವತ್ತಿನ ವಿಷಯಕ್ಕೂ ಹಳೆಯ ನಂಟಿದೆ. 1902ರ ಮಾರ್ಚ್‌ನಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಮೂರು ದತ್ತಿ ಉಪನ್ಯಾಸಗಳನ್ನು ಕೊಟ್ಟರು. ಬುದ್ಧಿಯಲ್ಲಿ ಕಡಿಮೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳ ಬಗ್ಗೆ ಅಲ್ಲಿ ಮಾತನಾಡಿದರು. ಇವತ್ತು ನಾವು ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಎನ್ನುವುದರ ವೈದ್ಯಕೀಯ ಚರಿತ್ರೆಯನ್ನು ಬಹುತೇಕರು ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಸ್ಟಿಲ್ ಕಂಡದ್ದು ನೈತಿಕ ಹತೋಟಿಯ ಕೊರತೆಯನ್ನು. ಆಮೇಲೆ ಹೆಸರು ಹಲವು ಸಲ ಬದಲಾಯಿತು, 1987ರಲ್ಲಿ ಈಗಿನ ಹೆಸರು ಬಂತು, ಕೊರತೆ ಎಂಬ ಮಾತು ಮಾತ್ರ ಉಳಿದೇ ಹೋಯಿತು. ಈ ಮಕ್ಕಳಲ್ಲಿ ಏನು ಇಲ್ಲ ಎಂದು ಕೇಳಿದವರು ಬಹಳ. ಏನು ಇದೆ ಎಂದು ಕೇಳಿದವರು ಕಡಿಮೆ. ನಾನು ಇವತ್ತು ಆ ಎರಡನೆಯ ಪ್ರಶ್ನೆಯನ್ನು ಕೇಳಬೇಕೆಂದಿದ್ದೇನೆ.

ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಈ ಮಗುವಿಗೆ ಇರುವ ಹೆಸರುಗಳು ನಿಮಗೆಲ್ಲ ಗೊತ್ತು. ಕೋತಿ, ತರಲೆ, ಕೂತಲ್ಲಿ ಕೂರಲ್ಲ, ಹೇಳಿದ್ದು ಕೇಳಲ್ಲ. ಹೆಣ್ಣುಮಗುವಾದರೆ ಇನ್ನೊಂದು ಬಗೆ: ಯಾವಾಗಲೂ ಯೋಚನೆಯಲ್ಲೇ ಇರ್ತಾಳೆ, ಮಂಕು. ಓಡಾಡದೆ, ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕುಳಿತ ಆ ಹುಡುಗಿಗೂ ಇದೇ ತೊಂದರೆ ಇರಬಹುದು. ಯಾರಿಗೂ ಉಪದ್ರವವಿಲ್ಲವಾದ್ದರಿಂದ ಯಾರೂ ಅವಳನ್ನು ಗಮನಿಸುವುದಿಲ್ಲ.

ಈ ಮಕ್ಕಳಿಗೆ ಗಮನವೇ ಇಲ್ಲ ಎನ್ನುವುದು ತಪ್ಪು. ಗಮನವಿದೆ, ಅದನ್ನು ಬೇಕೆಂದಾಗ, ಬೇಕಾದ ಕಡೆ ನಿಲ್ಲಿಸುವ ಹತೋಟಿ ಕಷ್ಟ. ಹೊಸದು, ಆಸಕ್ತಿಯದು, ತುರ್ತಿನದು ಎದುರಿಗೆ ಬಂದರೆ ಅದೇ ಗಮನ ಗಂಟೆಗಟ್ಟಲೆ ಕದಲುವುದಿಲ್ಲ. ಮಗ್ಗಿ ಬರೆಯಲು ಐದು ನಿಮಿಷ ಕೂರದವನು ಕೆಟ್ಟ ಮೊಬೈಲ್ ಬಿಚ್ಚಿಕೊಂಡು ಊಟ ಮರೆಯುತ್ತಾನೆ. ಮನೆಯವರು ಇದನ್ನು ಕಂಡು, ಮನಸ್ಸು ಮಾಡಿದರೆ ಆಗುತ್ತೆ, ಸೋಮಾರಿತನ ಅಷ್ಟೆ ಎನ್ನುತ್ತಾರೆ. ಆ ಮಗುವಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಅಮೆರಿಕದಲ್ಲಿ ಮಕ್ಕಳ ಮೆದುಳನ್ನು ವರ್ಷಾನುಗಟ್ಟಲೆ ಚಿತ್ರೀಕರಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಮೆದುಳಿನ ಹೊರಪದರ ಪೂರ್ತಿ ದಪ್ಪವಾಗುವ ವಯಸ್ಸು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ, ಎಡಿಎಚ್‌ಡಿ ಇರುವವರಲ್ಲಿ ಸುಮಾರು ಹತ್ತೂವರೆ. ಬೆಳವಣಿಗೆಯ ದಾರಿ ಹೆಚ್ಚುಕಡಿಮೆ ಅದೇ, ವೇಳೆ ಬೇರೆ. ನಾವು ಮೂರನೇ ತರಗತಿಯ ಮಗುವಿನಿಂದ ಕೇಳುವ ಹತೋಟಿ ಅದಕ್ಕೆ ಇನ್ನೂ ಬಂದಿಲ್ಲದಿರಬಹುದು.

ಇನ್ನು ಶಕ್ತಿಯ ಮಾತು. 2006ರಲ್ಲಿ ಹಾಲಿ ವೈಟ್ ಮತ್ತು ಪ್ರೀತಿ ಶಾ ಎಂಬ ಇಬ್ಬರು ಸಂಶೋಧಕಿಯರು ಕಾಲೇಜು ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಒಂದು ಸಾಮಾನ್ಯ ವಸ್ತುವನ್ನು ಎಷ್ಟು ಬಗೆಯಲ್ಲಿ ಬಳಸಬಹುದು ಎಂದು ಕೇಳಿದಾಗ ಎಡಿಎಚ್‌ಡಿ ಇದ್ದವರು ಮುಂದಿದ್ದರು. ಚದುರಿದ ಸುಳಿವುಗಳಿಂದ ಒಂದೇ ಸರಿಯುತ್ತರಕ್ಕೆ ಬನ್ನಿ ಎಂದಾಗ ಹಿಂದೆ ಬಿದ್ದರು. ಎರಡೂ ಫಲಿತಾಂಶ ಒಂದೇ ಅಧ್ಯಯನದ್ದು, ಎರಡನ್ನೂ ಒಟ್ಟಿಗೇ ಹೇಳಬೇಕು. 2017ರಲ್ಲಿ ಬಂದ ಇನ್ನೊಂದು ಅಧ್ಯಯನಕ್ಕಾಗಿ ಭಾರತವೂ ಸೇರಿ ಐದು ದೇಶಗಳಲ್ಲಿ ಎಡಿಎಚ್‌ಡಿಯ ಅನುಭವವಿರುವ ಜನರನ್ನು ಮಾತನಾಡಿಸಿದ್ದರು. ತೊಂದರೆಗಳ ಜತೆಗೇ ಅವರು ಹೇಳಿದ ಬಲಗಳು: ದಣಿಯದ ಹುರುಪು, ಹೊಸತು ಹೊಳೆಯುವುದು, ಹಿಡಿದ ಕೆಲಸದಲ್ಲಿ ಮುಳುಗಿಹೋಗುವುದು, ಇನ್ನೊಬ್ಬರ ನೋವಿಗೆ ಮಿಡಿದು ನೆರವಿಗೆ ಓಡುವುದು. ಕೊನೆಯದನ್ನು ನಾವು ಕಡೆಗಣಿಸುತ್ತೇವೆ. ತರಗತಿಯಲ್ಲಿ ಒಂದು ಮಗು ಬಿದ್ದರೆ ಮೊದಲು ಎದ್ದು ಓಡುವವನು ಎಷ್ಟೋ ಸಲ ಆ ತರಲೆಯೇ ಅಲ್ಲವೇ?

ಕೆನ್ಯಾದ ಅರಿಯಾಲ್ ಪಶುಪಾಲಕರ ಬಗ್ಗೆ 2008ರ ಒಂದು ಸಂಶೋಧನೆಯಿದೆ. ಎಡಿಎಚ್‌ಡಿಯೊಂದಿಗೆ ತಳುಕು ಹಾಕಲಾಗಿರುವ ಒಂದು ವಂಶವಾಹಿ ರೂಪ ಇದ್ದ ಗಂಡಸರು, ಅಲೆಮಾರಿಗಳಾಗಿದ್ದಾಗ ಉಳಿದವರಿಗಿಂತ ಚೆನ್ನಾಗಿ ಉಂಡು ಬೆಳೆದಿದ್ದರು. ಅದೇ ರೂಪ ಇದ್ದು ಒಂದೆಡೆ ನೆಲೆ ನಿಂತವರು ಬಡಕಲಾಗಿದ್ದರು. ಸಣ್ಣ ಅಧ್ಯಯನ, ಅದರಿಂದ ಹೆಚ್ಚು ಹಿಂಡಬಾರದು. ಆದರೂ ಅದು ತೋರುವ ದಿಕ್ಕು ನನಗೆ ಮುಖ್ಯ. ಶಕ್ತಿ ಮಗುವಿನೊಳಗೆ ಮಾತ್ರ ಇರುವುದಿಲ್ಲ. ಮಗುವಿಗೂ ಕೆಲಸಕ್ಕೂ ಹೊಂದಿಕೆಯಾದಾಗ ಹುಟ್ಟುತ್ತದೆ.

ಹೊಂದಿಕೆ ಎಂದರೇನು ಎಂದು ತಿಳಿಯಲು ಕೆನ್ಯಾಕ್ಕೆ ಹೋಗಬೇಕಾಗಿಲ್ಲ, ಶಿಡ್ಲಘಟ್ಟದ ಸುತ್ತಿನ ಯಾವುದಾದರೂ ರೇಷ್ಮೆ ಹುಳುಮನೆಗೆ ಹೋಗಿ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಹುಳು ತನ್ನ ಬಾಳಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಒಂದೇ ವಾರದಲ್ಲಿ ತಿನ್ನುತ್ತದೆ. ಸೊಪ್ಪು ಕೊಯ್ಯಬೇಕು, ಹೊರಬೇಕು, ಹಗಲು ರಾತ್ರಿ ಹಾಕಬೇಕು, ಸೆಕೆ ಏರಿತೇ ತೇವ ಹೆಚ್ಚಿತೇ ನೋಡಬೇಕು. ಆಮೇಲೆ ಹುಳು ಹಣ್ಣಾಗುವ ಹೊತ್ತು. ಸಾವಿರಾರು ಹುಳುಗಳ ನಡುವೆ ಮೈ ತಿಳಿಯಾಗಿ, ತಲೆಯೆತ್ತಿ ಆಡಿಸುತ್ತಿರುವುದನ್ನು ಕಣ್ಣು ಥಟ್ಟನೆ ಗುರುತಿಸಬೇಕು, ಕೈ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಹಾಳು. ಕಣ್ಣು ಎಲ್ಲ ಕಡೆ ಹರಿಯುವುದು, ಕಾಲು ನಿಲ್ಲದಿರುವುದು, ತುರ್ತು ಬಂದಾಗ ಮೈಯೆಲ್ಲ ಎಚ್ಚರವಾಗುವುದು, ಶಾಲೆಯಲ್ಲಿ ದೂರಾಗಿದ್ದ ಇವೆಲ್ಲ ಅಲ್ಲಿ ಕೆಲಸಗಾರಿಕೆ. ಚಿಂತಾಮಣಿಯ ಟೊಮೆಟೊ ಮಂಡಿಯ ಬೆಳಗು, ಚಿಕ್ಕಬಳ್ಳಾಪುರದ ಹೂವಿನ ವ್ಯಾಪಾರ ಕೂಡ ಇಂಥವೇ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. "ಓದು ಹತ್ತಲ್ಲ, ಕೆಲಸದಲ್ಲಿ ಚುರುಕು, ನೂಲು ಬಿಚ್ಚೋಕೆ ಹಾಕಿ" ಎಂದು ಮಗುವನ್ನು ಶಾಲೆ ಬಿಡಿಸುವವರಿಗೆ ನನ್ನ ಮಾತು ನೆಪವಾಗಬಾರದು. 14 ತುಂಬದ ಮಗುವನ್ನು ದುಡಿಮೆಗೆ ಹಚ್ಚುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ಬೇಗ ಬೇಸರವಾಗುವ ಈ ಮಗುವಿಗೆ ನೂಲು ಬಿಚ್ಚುವ ಬಿಸಿನೀರಿನ ಬಾಣಲೆ ಮುಂದೆ ದಿನವಿಡೀ ಒಂದೇ ಕೆಲಸ ಶಾಲೆಗಿಂತ ದೊಡ್ಡ ಸೆರೆ. ಹುಳುಮನೆಯ ಚುರುಕು ನಮಗೆ ಹೇಳುವುದು ಪಾಠ ಹೇಗಿರಬೇಕು ಎಂಬುದನ್ನು. ಚಿಕ್ಕ ಚಿಕ್ಕ ತುಂಡಾಗಿ ಕೊಡಿ, ಕೈಗೆ ಕೆಲಸ ಕೊಡಿ, ನಡುವೆ ಎದ್ದು ಓಡಾಡಲು ಬಿಡಿ, ಮಾಡಿದ್ದು ಸರಿಯೋ ತಪ್ಪೋ ಆ ಕ್ಷಣವೇ ತಿಳಿಸಿ. ಪ್ರಶ್ನಿಸುವುದನ್ನು ಕಲಿಸಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ ಗೌರಿಬಿದನೂರು ತಾಲ್ಲೂಕಿನಲ್ಲಿ ನಡುವೆ ಬಾಯಿಹಾಕಿ ಪ್ರಶ್ನೆ ಕೇಳುವ ಹುಡುಗನನ್ನು ಅಧಿಕಪ್ರಸಂಗಿ ಎಂದು ಬಾಯಿ ಮುಚ್ಚಿಸಬಾರದು.

ನಮ್ಮ ಜಿಲ್ಲೆಗೆ ಇನ್ನೊಂದು ಭಾರವಿದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಸಮಯಪಾಲನೆಯ ಕಥೆ ಕೇಳಿಯೇ ಇಲ್ಲಿ ಎಲ್ಲರೂ ಬೆಳೆದವರು. ದೊಡ್ಡ ಆದರ್ಶ ಅದು. ಆದರೆ ಎಡಿಎಚ್‌ಡಿ ಇರುವ ಹಲವರಿಗೆ ಹೊತ್ತು ಸರಿಯುವುದೇ ತಿಳಿಯುವುದಿಲ್ಲ. ಅಂಥ ಮಗುವನ್ನು ಆ ಮಹನೀಯರ ಪಟದ ಕೆಳಗೆ ನಿಲ್ಲಿಸಿ ಬೈದರೆ ಅದು ಸಮಯಪಾಲನೆ ಕಲಿಯುವುದಿಲ್ಲ, ತನ್ನನ್ನು ತಾನೇ ಹಳಿದುಕೊಳ್ಳುವುದನ್ನು ಕಲಿಯುತ್ತದೆ. ಗೋಡೆಯ ಮೇಲೆ ದೊಡ್ಡ ಗಡಿಯಾರ, ಬರೆದಿಟ್ಟ ದಿನಚರಿ, ಜತೆಗೊಬ್ಬ ಗೆಳೆಯ ಕೊಟ್ಟರೆ ಕಲಿಯುತ್ತದೆ.

ಹಾಗೆಂದು ಚಂಚಲವಾದ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಬಾರದು. ಲೆಕ್ಕಕ್ಕೆ ಬರಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಂಡಿರಬೇಕು, ಮನೆ, ಶಾಲೆಯಂಥ ಎರಡು ಕಡೆಯಾದರೂ ಇರಬೇಕು, ಬದುಕಿಗೆ ತೊಡಕಾಗಿರಬೇಕು. ನಮ್ಮಲ್ಲಿ ಮನೆಯಲ್ಲಿ ತೆಲುಗು ಆಡಿ ಶಾಲೆಗೆ ಬಂದು ಕನ್ನಡ ಕೇಳುವ ಮಕ್ಕಳು ಎಷ್ಟೋ. ಮಾತು ಅರ್ಥವಾಗದ ಮಗು ಕೂಡ ಕಿಟಕಿಯಾಚೆ ನೋಡುತ್ತದೆ. ಕಿವಿ ಮಂದವಾದ, ರಕ್ತಹೀನತೆಯ, ನಿದ್ದೆಗೆಟ್ಟ ಮಗುವೂ ಹಾಗೆಯೇ.

ಎಡಿಎಚ್‌ಡಿ ಇದ್ದರೆ ಅದು ವರ ಎಂದು ಹೊಗಳುವವರನ್ನೂ ನಾನು ಒಪ್ಪುವುದಿಲ್ಲ. ಅಪಘಾತ, ಅರ್ಧಕ್ಕೆ ನಿಂತ ಓದು, ಖಿನ್ನತೆ ಇದರ ಜತೆಗೆ ಬರುತ್ತವೆ. ವೈದ್ಯರು ಔಷಧಿ ಕೊಟ್ಟರೆ ಹೆದರಬೇಡಿ. ಮೀಥೈಲ್‌ಫೆನಿಡೇಟ್ ದಶಕಗಳಿಂದ ಬಳಕೆಯಲ್ಲಿರುವ ಮದ್ದು. ಅದು ಮಗುವಿನ ಹುರುಪನ್ನು ಕಸಿಯಬೇಕಾಗಿಲ್ಲ. ಕಸಿಯಿತು ಅನಿಸಿದರೆ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸುತ್ತಾರೆ.

ಉಪಾಧ್ಯಾಯ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ನಿಮ್ಮ ಶಾಲೆಗೆ ಬರುತ್ತದೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಗಲಾಟೆಯ ಹುಡುಗನ ಜತೆ ಆ ಮೌನದ ಹುಡುಗಿಯನ್ನೂ ಅವರ ಮುಂದೆ ಕರೆತನ್ನಿ. ದೂರುಗಳನ್ನು ಬರೆದುಕೊಟ್ಟ ಹಾಳೆಯಲ್ಲೇ, ಈ ಮಗು ಯಾವ ಕೆಲಸದಲ್ಲಿ ಅರ್ಧ ಗಂಟೆ ಕದಲದೆ ಕೂರುತ್ತದೆ ಎಂಬುದನ್ನೂ ಒಂದು ಸಾಲು ಬರೆಯಿರಿ. ತಾಯಿತಂದೆಯರೇ, ಯಾರನ್ನು ಕೇಳಬೇಕೋ ತಿಳಿಯದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತನಾಡುತ್ತಾರೆ, ದುಡ್ಡು ಕೇಳುವುದಿಲ್ಲ.