ಶಾಪ್ ಫ್ಲೋರ್‌ಗೋ, ಐಸಿಯುಗೋ?



ಎಲೆಕ್ಟ್ರಾನಿಕ್ಸೋ ಮೆಕ್ಯಾನಿಕಲ್ಲೋ ಡಿಪ್ಲೊಮಾ ಮುಗಿಸಿದ ಮಕ್ಕಳಿರುವ ಮನೆಯಲ್ಲಿ ಈಗೀಗ ಒಂದು ಚರ್ಚೆ ನಡೆಯುತ್ತದೆ. ಪೀಣ್ಯದ ಕಡೆ ಯಾವುದಾದರೂ ಕಾರ್ಖಾನೆ ಸೇರುವುದೋ, ಆಸ್ಪತ್ರೆಯ ಉಪಕರಣ ನೋಡಿಕೊಳ್ಳುವ ಬಯೋಮೆಡಿಕಲ್ ವಿಭಾಗಕ್ಕೆ ಹೋಗುವುದೋ? ಮನೆಯವರು ಸಂಬಳ ವಿಚಾರಿಸುತ್ತಾರೆ, ತಪ್ಪಿಲ್ಲ. ಆದರೆ ಯಂತ್ರ ಕೆಟ್ಟು ನಿಂತಾಗ ಪಕ್ಕದಲ್ಲಿ ಯಾರಿರುತ್ತಾರೆ ಎನ್ನುವುದನ್ನೂ ವಿಚಾರಿಸಬೇಕು ಅಂತ ನನ್ನ ಅಭಿಪ್ರಾಯ.

ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರ ನಿಂತರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾ ಪಕ್ಕದಲ್ಲಿರುತ್ತಾರೆ. ಬೈಗುಳ ಬೀಳಬಹುದು. ಆದರೂ ಮುಚ್ಚಳ ಬಿಚ್ಚಿ, ಒಂದೊಂದೇ ಭಾಗ ಪರೀಕ್ಷಿಸಿ, ಮೂಲ ಕಾರಣಕ್ಕೆ ಇಳಿಯಲು ಅವಕಾಶವಿದೆ. ಒಂದೇ ಬಗೆಯ ಕೆಲಸ ಸಾವಿರ ಸಲ ಮಾಡಿದಾಗ ಬರುವ ಕೈಹಿಡಿತವೂ ಅಲ್ಲಿಯದೇ. 100 ಮಿಲಿಮೀಟರ್ ವ್ಯಾಸದ ಉಕ್ಕಿನ ತುಂಡು 10 ಡಿಗ್ರಿ ಬಿಸಿಯಾದರೆ ಸಾಕು, ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಯಂತ್ರದಿಂದ ತೆಗೆದ ಕೂಡಲೇ ಮೈಕ್ರೊಮೀಟರ್ ಹಿಡಿದವನು ಒಳ್ಳೆಯ ತುಂಡನ್ನೂ ರಿಜೆಕ್ಟ್ ಮಾಡಿಬಿಡುತ್ತಾನೆ. ಆರಲು ಬಿಡುವ ತಾಳ್ಮೆಯೂ ಕಸುಬಿನ ಭಾಗವೇ.

ಆಸ್ಪತ್ರೆಯಲ್ಲಿ ಲೆಕ್ಕ ಬೇರೆ. ವೆಂಟಿಲೇಟರ್ ತೊಂದರೆ ಕೊಟ್ಟರೆ ಸ್ಕ್ರೂಡ್ರೈವರ್ ಆಮೇಲೆ. ಮೊದಲು ಬದಲಿ ಯಂತ್ರ ಬರಬೇಕು, ರೋಗಿಯ ಉಸಿರು ನಡೆಯುತ್ತಿರಬೇಕು. ಕೆಟ್ಟದ್ದನ್ನು ವರ್ಕ್‌ಶಾಪಿಗೆ ಒಯ್ದ ಮೇಲೆ ನಿಮ್ಮ ಜಾಣ್ಮೆ. ಎಷ್ಟೋ ಸಲ ಯಂತ್ರದಲ್ಲಿ ದೋಷವೇ ಇರುವುದಿಲ್ಲ. "ಸರ್, ಸಿರಿಂಜ್ ಪಂಪ್ ಸುಮ್ಮನೆ ಅಲಾರಂ ಹೊಡೀತಿದೆ" ಅಂತ ಸಿಸ್ಟರ್ ಕರೆಯುತ್ತಾರೆ. ಹೋಗಿ ನೋಡಿದರೆ ನಳಿಕೆ ರೋಗಿಯ ತೋಳಿನಡಿ ಸಿಕ್ಕಿ ಮಡಚಿಕೊಂಡಿದೆ. ರಾತ್ರಿಯಿಡೀ ದುಡಿದ ಸಿಸ್ಟರ್‌ಗೆ ಅದನ್ನು ನೋಯದಂತೆ ಹೇಳುವುದನ್ನು ಯಾವ ಪಾಲಿಟೆಕ್ನಿಕ್ಕಿನಲ್ಲೂ ಕಲಿಸುವುದಿಲ್ಲ!

ಅಳತೆಯ ಸೂಕ್ಷ್ಮ ಇಲ್ಲೂ ಇದೆ. ಒಂದು ಮಿಲಿಆಂಪಿಯರ್ ಕರೆಂಟು ಹರಿದರೆ ನಮ್ಮ ಬೆರಳಿಗೆ ಜುಮ್ಮೆನ್ನಬಹುದು, ಅಷ್ಟೆ. ಹೃದಯಕ್ಕೆ ನೇರ ಸಂಪರ್ಕವಿರುವ ಉಪಕರಣದಿಂದ ರೋಗಿಗೆ ಸೋರುವ ಕರೆಂಟು, ಯಂತ್ರ ಸುಸ್ಥಿತಿಯಲ್ಲಿರುವಾಗ, 10 ಮೈಕ್ರೊಆಂಪಿಯರ್ ಮೀರಕೂಡದು. ಅಂದರೆ ಬೆರಳಿಗೆ ಜುಮ್ಮೆನಿಸುವ ಆ ಕರೆಂಟಿನ ನೂರರಲ್ಲಿ ಒಂದು ಪಾಲು. ಕೈಗೆ ತಿಳಿಯದ್ದನ್ನು ಮೀಟರಿನಿಂದ ಅಳೆದು, ಬರೆದು, ಸಹಿ ಹಾಕಬೇಕು. ಕಾಗದದ ಕೆಲಸ ಬೇಸರ ಎನ್ನುವವರು ಈ ಕಡೆ ಬರಬೇಡಿ.

ಎರಡರ ನಡುವೆ ಗೋಡೆಯೇನೂ ಇಲ್ಲ. 2020ರಲ್ಲಿ ಕೊರೊನಾ ಬಂದಾಗ ರೇಡಾರ್ ತಯಾರಿಸುವ ಬೆಂಗಳೂರಿನ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಜೊತೆ ಸೇರಿ 30,000 ವೆಂಟಿಲೇಟರ್ ತಯಾರಿಸುವ ಹೊಣೆ ಹೊತ್ತಿತು. ಕಾರ್ಖಾನೆಯಲ್ಲಿ ಎರಡು ಮೂರು ವರ್ಷ ಕೈ ಪಳಗಿಸಿಕೊಂಡು ಆಮೇಲೆ ಆಸ್ಪತ್ರೆಗೆ ಹೋದರೂ ಆ ವರ್ಷಗಳು ದಂಡವಾಗುವುದಿಲ್ಲ. ಗೊಂದಲದಲ್ಲಿರುವವರಿಗೆ ನಾನು ಹೇಳುವುದು ಆ ಕ್ರಮವನ್ನೇ.

ಆಸ್ಪತ್ರೆಯೇ ಬೇಕು ಎನ್ನುವವರು ಸಂದರ್ಶನದಲ್ಲಿ ಒಂದು ಮಾತು ಕೇಳಿ: ರಿಪೇರಿ ನಿಮ್ಮಲ್ಲೇ ಆಗುತ್ತದೋ, ಎಲ್ಲವೂ ಕಂಪನಿಗಳ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ, ಅಂದರೆ ಎಎಂಸಿಯಲ್ಲಿದೆಯೋ? ಎಲ್ಲವೂ ಎಎಂಸಿಯಾದರೆ ದಿನವಿಡೀ ಫೋನಿನಲ್ಲಿ ದೂರು ಬರೆಸುವುದೇ ನಿಮ್ಮ ಕೆಲಸವಾದೀತು. ವರ್ಕ್‌ಶಾಪ್ ತೋರಿಸಿ ಅನ್ನಿ. ಮೇಜಿನ ಮೇಲೆ ಬಿಚ್ಚಿಟ್ಟ ಪಂಪೋ ಮಾನಿಟರೋ ಕಂಡರೆ ಧೈರ್ಯವಾಗಿ ಸೇರಿಕೊಳ್ಳಿ.