ಕತ್ತು ಹಿಡಿದುಕೊಂಡಾಗ

ಬೆಳಿಗ್ಗೆ ಎದ್ದರೆ ಕತ್ತು ಒಂದು ಕಡೆಗೆ ತಿರುಗುವುದೇ ಇಲ್ಲ. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು. ನೋಡುವವರಿಗೆ ನಗು, ನಮಗೆ ಪ್ರಾಣಸಂಕಟ! ಮೈಕಿನತ್ತ ಕತ್ತು ಚಾಚಿ ಕೂರುವ ನಮ್ಮಂಥ ಉದ್ಘೋಷಕರಿಗಂತೂ ಈ ನೋವು ಹಳೆಯ ನೆಂಟ.

ನಮ್ಮ ತಲೆಯ ತೂಕ ಸುಮಾರು 5 ಕೆ.ಜಿ. ಅದನ್ನು ಹೊತ್ತಿರುವುದು ಕತ್ತಿನ 7 ಪುಟ್ಟ ಮೂಳೆಗಳು ಮತ್ತು ಸುತ್ತಲಿನ ಸ್ನಾಯುಗಳು. ತಲೆ ನೆಟ್ಟಗಿದ್ದರೆ ತೊಂದರೆಯಿಲ್ಲ. ಆದರೆ ಲೋಕಲ್ ಟ್ರೈನಿನಲ್ಲಿ ಅಂಧೇರಿಯಿಂದ ಚರ್ಚ್‌ಗೇಟ್ ತನಕ ಮೊಬೈಲ್ ನೋಡುತ್ತಾ ತಲೆ ಬಗ್ಗಿಸಿಯೇ ನಿಂತರೆ? 60 ಡಿಗ್ರಿ ಬಗ್ಗಿದ ತಲೆಯಿಂದ ಕತ್ತಿಗೆ ಬೀಳುವ ಭಾರ ಸುಮಾರು 27 ಕೆ.ಜಿ. ಎಂದು 2014ರಲ್ಲಿ ನ್ಯೂಯಾರ್ಕಿನ ಬೆನ್ನುಮೂಳೆ ತಜ್ಞರೊಬ್ಬರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೆಚ್ಚು ಕಡಿಮೆ ಒಂದು ಅಕ್ಕಿ ಮೂಟೆ ಎನ್ನಿ! ಇದರ ಜೊತೆಗೆ ಎತ್ತರದ ದಿಂಬು, ಬೋರಲು ಮಲಗುವ ಅಭ್ಯಾಸ, ಒಂದೇ ಹೆಗಲಿಗೆ ಭಾರದ ಚೀಲ, ತೊಡೆಯ ಮೇಲಿನ ಲ್ಯಾಪ್‌ಟಾಪ್.

ಇಂಥ ನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಬಿಸಿನೀರಿನ ಚೀಲದಿಂದಲೋ, ನಮ್ಮ ಅಜ್ಜಿಯರಂತೆ ಬಟ್ಟೆಯಲ್ಲಿ ಕಟ್ಟಿದ ಬಿಸಿ ಉಪ್ಪಿನಿಂದಲೋ ಹದವಾಗಿ ಕಾವು ಕೊಡಿ. ಕತ್ತನ್ನು ಅಲುಗಾಡಿಸದೆ ಇಡಬೇಡಿ. ನೋವು ತಡೆಯುವಷ್ಟರ ಮಟ್ಟಿಗೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ನಿಧಾನವಾಗಿ ಆಡಿಸಿ. ವೈದ್ಯರು ಹೇಳದೆ ಕುತ್ತಿಗೆ ಪಟ್ಟಿ ಕಟ್ಟಿಕೊಂಡರೆ ಸ್ನಾಯುಗಳು ಸೋಮಾರಿಯಾಗುತ್ತವೆ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಪರದೆಯನ್ನು ಕಣ್ಣಿನ ಮಟ್ಟಕ್ಕೆ ತಂದುಕೊಳ್ಳಿ, ಟೈಪ್ ಮಾಡಲು ಬೇರೆ ಕೀಬೋರ್ಡ್ ಇರಲಿ. (ಬಿ.ಎ. ಓದಿದಾಗಿನ ನನ್ನ ನಿಘಂಟುಗಳು ಈಗ ಈ ಕೆಲಸಕ್ಕೇ ಇವೆ.)

ಇಷ್ಟೆಲ್ಲ ಮಾಡಲು ತಾಳ್ಮೆ ಯಾರಿಗಿದೆ? ಕಟಿಂಗ್ ಶಾಪಿಗೆ ಹೋಗುತ್ತೇವೆ. ತಲೆಗೆ ಎಣ್ಣೆ ತಟ್ಟಿ, ಗಲ್ಲ ಹಿಡಿದು 'ಲಟಕ್' ಎಂದು ನೆಟಿಗೆ ತೆಗೆಸಿಕೊಂಡರೆ ಆಹಾ, ಹಾಯೆನಿಸುತ್ತದೆ! ಮಿತ್ರರೇ, ದಯವಿಟ್ಟು ಇದೊಂದನ್ನು ಬಿಟ್ಟುಬಿಡಿ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನ ಮೂಲಕವೇ ಹಾದುಹೋಗುತ್ತವೆ, ಕೆಲವಂತೂ ಕತ್ತಿನ ಮೂಳೆಗಳ ಸಣ್ಣ ರಂಧ್ರಗಳ ಮೂಲಕ. ಗಕ್ಕನೆ ತಿರುಚಿದಾಗ ಅವುಗಳ ಒಳಪದರ ಹರಿಯಬಹುದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು. ಅಪರೂಪ, ನಿಜ. ಆದರೆ 2024ರಲ್ಲಿ ನಮ್ಮ ಬಳ್ಳಾರಿಯ 30 ವರ್ಷದ ಯುವಕನೊಬ್ಬನಿಗೆ ಕ್ಷೌರದಂಗಡಿಯ ಪುಕ್ಕಟೆ ಮಸಾಜಿನಿಂದ ಹೀಗೇ ಆಗಿ, ಬೆಂಗಳೂರಿನ ಆಸ್ಪತ್ರೆ ಸೇರಬೇಕಾಯಿತು. ಕ್ಷೌರಿಕರ ಮೇಲೆ ಕೋಪ ಬೇಡ, ಅವರು ಪ್ರೀತಿಯಿಂದಲೇ ಮಾಡುತ್ತಾರೆ. "ಕತ್ತು ಬೇಡ ಅಣ್ಣಾ" ಎಂದು ಮೊದಲೇ ಹೇಳಿ.

ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆ ಗಲ್ಲ ಎದೆಗೆ ತಾಗದಷ್ಟು ಬಿಗಿತ, ಕೈಯಲ್ಲಿ ಜೋಮು ಅಥವಾ ಬಲಹೀನತೆ, ಎದೆನೋವು, ಬೆವರು ಇದ್ದರೆ ಕಾವು ಕೊಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ತಲೆ ಸುತ್ತಿ ವಾಂತಿ, ಮಾತು ತೊದಲುವುದು, ನಡಿಗೆ ತೂರಾಡುವುದು ಕಂಡರಂತೂ ಒಂದು ನಿಮಿಷವೂ ತಡ ಬೇಡ. ಇವು ಕತ್ತು ತಿರುಚಿಸಿಕೊಂಡ ಎಷ್ಟೋ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಕಾಣಿಸಬಹುದು. ಹಾಗಾಗಿ ನೆಟಿಗೆ ತೆಗೆಸಿಕೊಂಡ ವಿಷಯವನ್ನು ಸಂಕೋಚಪಡದೆ ವೈದ್ಯರಿಗೆ ಮೊದಲೇ ತಿಳಿಸಿ.